ಅರ್ಧ ರೇಟಿನ ದ್ವೀಪ

ಹದಿನೇಳು ದಿನದ ಮೇಲೆ ನಿನ್ನ ಫೋಟೋ ಬಂತು:
ಬಿಳಿ ಗೋಡೆ, ನೀಲಿ ಬಾಗಿಲು, ಮೆಟ್ಟಿಲ ಮೇಲೊಂದು ಬೆಕ್ಕು.
ಮೆಡಿಟರೇನಿಯನ್ನಿನ ಯಾವುದೋ ದ್ವೀಪ.
ಹೆಸರು ಬರೆದಿಲ್ಲ, ಬರೆಯುವಂತಿಲ್ಲ, ಕೇಳುವಂತೆಯೂ ಇಲ್ಲ.
"ಇಲ್ಲಿ ಭರ್ತಿ ಸೀಸನ್. ಒಂದು ಕಾಫಿಗೆ ನಮ್ಮ ವಾರದ ಕಾಯಿಪಲ್ಲೆ.
ನೀನಿದ್ದಿದ್ದರೆ"

ಅಲ್ಲಿಗೇ ನಿಂತಿತ್ತು.
ಮುಂದಿನ ಮಾತು ಏನಿರಬಹುದೆಂದು ಹುಡುಕುತ್ತ
ಎರಡು ದಿನ ಹಾಲು ಉಕ್ಕಿಸಿದೆ.

ಮೂರನೆಯ ದಿನ ರೊಟ್ಟಿ ಬಡಿದು, ಶೇಂಗಾ ಹಿಂಡಿ ಕಟ್ಟಿಕೊಂಡು
ಕೋಡಿಬಾಗಕ್ಕೆ ಹೋದೆ. ಒಬ್ಬಳೇ.
ಸೆಪ್ಟೆಂಬರು, ಮಳೆ ಪೂರ್ತಿ ಬಿಟ್ಟಿರಲಿಲ್ಲ.
ಎದುರು ಬ್ಲಾಕಿನ ಮಿಸೆಸ್ ಪಟ್ನಾಯಕ್ ಹೇಳಿದ್ದರು:
ಡಿಸೆಂಬರಿಗೆ ಹೋಗೋಣ, ಬಸ್ಸು ಮಾಡಿ, ಎಲ್ಲ ಹೆಂಗಸರೂ,
ಒಂದೇ ಬಣ್ಣದ ಸೀರೆಯಲ್ಲಿ.
ನನಗೆ ಡಿಸೆಂಬರು ಬೇಡವಾಗಿತ್ತು.

ಗಜೇಂದ್ರಗಡದವಳು ನಾನು. ನೀರೆಂದರೆ
ಎಂಟು ದಿನಕ್ಕೊಮ್ಮೆ ಕೆಮ್ಮುತ್ತ ಬರುವ ನಲ್ಲಿ.
ಮದುವೆಯಾಗಿ ಆರು ವರ್ಷ, ಕಡಲ ಪಕ್ಕದಲ್ಲೇ ಮನೆ,
ಕಡಲೊಳಗೆ ಹೋಗುವುದು ನಿನ್ನ ಕೆಲಸವೆಂದು
ಬಿಟ್ಟುಬಿಟ್ಟಿದ್ದೆ.

ದೋಣಿಯ ದಾಮು ಹರಿಕಂತ್ರ ತಲೆ ಕೆರೆದುಕೊಂಡ.
"ಕೂರ್ಮಗಡಕ್ಕಾ? ಈಗ ಯಾರೂ ಹೋಗೂದಿಲ್ಲ ಬಾಯೋರೆ.
ರಿಸಾರ್ಟಿಗೆ ಬೀಗ. ಎಂತ ನೋಡ್ತ್ರಿ?"
ಆಮೇಲೆ, ನನ್ನ ಮುಖ ನೋಡಿ:
"ಸೀಸನ್ನಲ್ಲಿ ಸಾವಿರದಿನ್ನೂರು. ಈಗ ಆರುನೂರು ಕೊಡಿ."

ಕಾಳಿ ಕಡಲಿಗೆ ಬೀಳುವಲ್ಲಿ ನೀರಿಗೆ ಎರಡು ಬಣ್ಣ:
ಹಾಲು ಹಾಕದ ಚಹಾ, ಅದರಾಚೆ ತೊಳೆದ ಸ್ಲೇಟು.
ಗೆರೆ ದಾಟುವಾಗ ದೋಣಿ ಒಮ್ಮೆ ಮೈ ಕೊಡವಿತು.
ಕೆಳಗೆ ಕೂತು ಹಲಗೆ ಹಿಡಿದೆ.
ವಾಂತಿಯಾಯಿತು. ಯಾರಿಗೂ ಹೇಳಬೇಡ,
ನೇವಿಯವನ ಹೆಂಡತಿ.

ದ್ವೀಪದಲ್ಲಿ ಏನಿತ್ತು?
ಒಂದರ ಮೇಲೊಂದು ಪೇರಿಸಿ ಹಗ್ಗ ಬಿಗಿದ ಪ್ಲಾಸ್ಟಿಕ್ ಕುರ್ಚಿ,
ಮಳೆಗೆ ಊದಿಕೊಂಡ ಕೇರಂ ಬೋರ್ಡು,
ಮೊಣಕಾಲೆತ್ತರದ ಹುಲ್ಲಿನಲ್ಲಿ ಒಂದೇ ಚಪ್ಪಲಿ, ಎಡಗಾಲಿನದು.
ಮತ್ತೆ ಶೌಚಾಲಯ: ಸುಣ್ಣ ಬಳಿದ ಗೋಡೆ, ನೀಲಿ ಬಾಗಿಲು!
ಗಟ್ಟಿಯಾಗಿ ನಕ್ಕೆ. ಮೆಟ್ಟಿಲ ಮೇಲೆ
ಬೆಕ್ಕಿರಲಿಲ್ಲ, ಏಡಿ ಇತ್ತು. ಅದನ್ನೇ ತೆಗೆದು ಕಳಿಸಿದೆ.
ಊರ ಹೆಸರು ನಾನೂ ಬರೆಯಲಿಲ್ಲ.

ಬಂಡೆಯ ಮೇಲೆ ರೊಟ್ಟಿ ಬಿಚ್ಚಿ ಅವನಿಗೂ ಕೊಟ್ಟೆ.
ಹಿಂಡಿಯ ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತ ದಾಮು
ತೆಂಕು ದಿಕ್ಕಿನ ಗುಡ್ಡವನ್ನು ಗದ್ದ ಎತ್ತಿ ತೋರಿಸಿದ.
"ಅದರ ಬೆನ್ನಿಗೆ ನಮ್ಮ ಮನೆ ಇತ್ತು. ನೇವಿ ಬರೂಕೆ ಮೊದಲು.
ಈಗ ಒಳಗೆ ಹೋಗೂಕೆ ಪಾಸು ಬೇಕು.
ನಿಮ್ಮ ಹತ್ರ ಅದೆ ಅಲ್ದಾ?"

ಇತ್ತು. ಪರ್ಸಿನಲ್ಲಿ. ನಿನ್ನ ಹೆಸರು, ನಿನ್ನ ನಂಬರು,
ಕೆಳಗೆ ನನ್ನ ಫೋಟೋ: ಅವಲಂಬಿತೆ.

"ಎರಡನೇ ಗೇಟಿನ ಹತ್ರ ಒಂದು ಹುಣಸೆಮರ.
ಆಯಿ ಅದರ ಕೆಳಗೆ ಬಲೆ ಹೊಲೀತಿತ್ತು. ಅದೆಯಾ, ಕಡಿದ್ರಾ?"
"ಅದೆ" ಅಂದೆ, ಅವನ ಮಾತಿನಲ್ಲೇ.
ನಸುಕಿನ ನಾಲ್ಕಕ್ಕೆ ನಿನ್ನ ಬಸ್ಸು ತಿರುವು ದಾಟುವವರೆಗೆ
ನಾನು ಕೈಬೀಸುತ್ತ ನಿಲ್ಲುವುದು
ಆ ಮರದ ಕೆಳಗೇ ಎಂದು ಹೇಳಲಿಲ್ಲ.

ದಡಕ್ಕೆ ಬಂದು ಸಾವಿರದಿನ್ನೂರು ಕೊಟ್ಟೆ.
ಆರುನೂರು ಎಣಿಸಿ ಹಿಂದಕ್ಕಿಟ್ಟ. "ಸೀಸನ್ ಅಲ್ಲಲ್ಲ."
ಎಂಜಿನ್ನಿಗೆ ಗೋಣಿ ಹೊದಿಸುತ್ತ, ನಾನು ಕೇಳದಿದ್ದರೂ:
"ಅದರ ಹಣ್ಣು ಬೀಳೂದು ಫೆಬ್ರುವರಿಗೆ."

ಏಡಿಯ ಫೋಟೋಕ್ಕೆ ಇನ್ನೂ ಒಂದೇ ಟಿಕ್ಕು.
ನೀನು ಬರುವ ತಿಂಗಳು ನನಗೆ ಗೊತ್ತಿಲ್ಲ.
ಹುಣಸೆಯದು ಗೊತ್ತಾಯಿತು.
ಒಂದು ಚೀಲ ಹೊಲಿದಿಟ್ಟಿದ್ದೇನೆ,
ನಿನ್ನ ಹಳೆಯ ಬಿಳಿ ಪ್ಯಾಂಟಿನದು.